ಮುಂಬಯಿಯ ಒಳಚರಂಡಿ: ಘಟಕಕ್ಕೆ ತಲುಪುವ ನೀರಿನ ಲೆಕ್ಕ

ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ನಗರದ ಕೊಳಚೆ ನೀರಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಯು ಹೆಚ್ಚಾಗಿ ಒಂದೇ ಅಂಕಿಯ ಸುತ್ತ ಹೆಣೆದಿರುತ್ತದೆ. ದಿನಕ್ಕೆ ಇಷ್ಟು ದಶಲಕ್ಷ ಲೀಟರ್ ಶುದ್ಧೀಕರಿಸಬಲ್ಲ ಘಟಕವೊಂದು ಬರಲಿದೆ, ಅದಕ್ಕೆ ಇಷ್ಟು ಕೋಟಿ ವೆಚ್ಚವಾಗಲಿದೆ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. 2023ರ ಜನವರಿ 19ರಂದು ಪ್ರಧಾನಮಂತ್ರಿಗಳು ಮುಂಬಯಿಯಲ್ಲಿ ಇಂತಹ ಏಳು ಘಟಕಗಳಿಗೆ ಶಂಕುಸ್ಥಾಪನೆ ಮಾಡಿದರು. ವರ್ಲಿಗೆ 500, ಮಾಲಾಡಿಗೆ 454, ಧಾರಾವಿಗೆ 418, ಬಾಂದ್ರಾಕ್ಕೆ 360, ಘಾಟ್ಕೋಪರಿಗೆ 337, ಭಾಂಡುಪಿಗೆ 215, ವರ್ಸೋವಾಕ್ಕೆ 180, ಹೀಗೆ ಒಟ್ಟು 2464 ದಶಲಕ್ಷ ಲೀಟರ್ ಸಾಮರ್ಥ್ಯ. ಇವು ದೊಡ್ಡ ಕೆಲಸಗಳು, ಬೇಕಾದ ಕೆಲಸಗಳು, ತಡವಾಗಿ ಬಂದ ಕೆಲಸಗಳು. ಆದರೆ ಸಾಮರ್ಥ್ಯವೆಂಬುದು ಘಟಕವು ಎಷ್ಟು ನೀರನ್ನು ತೆಗೆದುಕೊಳ್ಳಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಮನೆಯ ಬಚ್ಚಲಿನಿಂದ ಹೊರಟ ನೀರು ಅಲ್ಲಿಗೆ ತಲುಪುತ್ತದೆಯೇ, ತಲುಪುವ ನೀರು ನಿಜಕ್ಕೂ ಕೊಳಚೆಯೇ ಎಂಬುದನ್ನು ಅದು ಹೇಳುವುದಿಲ್ಲ. ಇಂದಿನ ನನ್ನ ಮಾತು ಈ ಎರಡು ಪ್ರಶ್ನೆಗಳ ಬಗ್ಗೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪ್ರಕಟಿಸಿದ ಲೆಕ್ಕವನ್ನೇ ನೋಡಿ. ದೇಶದ ನಗರಗಳಲ್ಲಿ ದಿನವೊಂದಕ್ಕೆ ಉಂಟಾಗುವ ಕೊಳಚೆ ನೀರು 72,368 ದಶಲಕ್ಷ ಲೀಟರ್. ಸ್ಥಾಪಿತ ಸಾಮರ್ಥ್ಯ 31,841. ಅದರಲ್ಲಿ ಚಾಲನೆಯಲ್ಲಿರುವುದು 26,869. ವಾಸ್ತವವಾಗಿ ಶುದ್ಧೀಕರಣಗೊಳ್ಳುವುದು 20,235. ಮೊದಲ ಎರಡು ಅಂಕಿಗಳ ನಡುವಿನ ಅಂತರವನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಏಕೆಂದರೆ ಅದಕ್ಕೆ ಪರಿಹಾರ ಸುಲಭವಾಗಿ ಹೊಳೆಯುತ್ತದೆ: ಇನ್ನಷ್ಟು ಘಟಕ ಕಟ್ಟಿ. ಎರಡನೆಯ ಮತ್ತು ಕೊನೆಯ ಅಂಕಿಗಳ ನಡುವಿನ ಅಂತರದ ಬಗ್ಗೆ ಮಾತು ಕಡಿಮೆ. ಕಟ್ಟಿ ನಿಲ್ಲಿಸಿದ ಸಾಮರ್ಥ್ಯದಲ್ಲಿ 11,600 ದಶಲಕ್ಷ ಲೀಟರಿನಷ್ಟು, ಅಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಬಳಕೆಗೇ ಬಂದಿಲ್ಲ. ಮುಂಬಯಿಯ ಏಳು ಹೊಸ ಘಟಕಗಳನ್ನು ಕೂಡಿಸಿದರೂ ಇದರ ಕಾಲು ಭಾಗದಷ್ಟೂ ಆಗುವುದಿಲ್ಲ. ಮುಂದಿನ ಜನಸಂಖ್ಯೆಗಾಗಿ ಕಾದಿರಿಸಿದ ಸಾಮರ್ಥ್ಯ ಇದರಲ್ಲಿ ಸ್ವಲ್ಪ ಇರಬಹುದು, ಅದು ಯೋಜನೆಯ ಸಹಜ ಭಾಗ. ಉಳಿದದ್ದಕ್ಕೆ ಬಹುಪಾಲು ಕಾರಣ ಘಟಕದ ಗೋಡೆಯಾಚೆ ಇದೆ: ಕೊಳವೆ ಇಲ್ಲ, ಕೊಳವೆ ಇದ್ದರೂ ಮನೆಗಳ ಜೋಡಣೆ ಇಲ್ಲ, ಜೋಡಣೆ ಇದ್ದರೂ ನೀರು ದಾರಿಯಲ್ಲೇ ನಾಲಾ, ಅಂದರೆ ತೆರೆದ ದೊಡ್ಡ ಚರಂಡಿ, ಸೇರುತ್ತದೆ.

ಯೋಜನೆ ಆರಂಭವಾಗುವುದು ಜನಸಂಖ್ಯೆಯಿಂದ. ನಮ್ಮ ದೇಶದಲ್ಲಿ ಒಳಚರಂಡಿ ಎಂಜಿನಿಯರುಗಳು ಕೈಯಲ್ಲಿ ಹಿಡಿದು ಕೆಲಸ ಮಾಡುವ ಪುಸ್ತಕ ಒಂದಿದೆ, ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಸಂಸ್ಥೆ 2013ರಲ್ಲಿ ಪರಿಷ್ಕರಿಸಿ ಹೊರತಂದ ಕೈಪಿಡಿ. ಅದರ ಪ್ರಕಾರ ಕೊಳವೆ ಜಾಲವನ್ನು ಮೂವತ್ತು ವರ್ಷಗಳ ಮುಂದಿನ ಜನಸಂಖ್ಯೆಗೆ ಅಳೆದು ಹಾಕಬೇಕು. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಮಹಾನಗರಗಳಲ್ಲಿ 150 ಲೀಟರ್ ನೀರು ಪೂರೈಕೆಯಾಗುತ್ತದೆಂದು ಹಿಡಿದು, ಅದರ ಶೇಕಡಾ 80ರಷ್ಟು ಕೊಳಚೆಯಾಗಿ ಮರಳುತ್ತದೆಂದು ಲೆಕ್ಕ ಹಾಕಬೇಕು. 135ರ ಶೇಕಡಾ 80 ಎಂದರೆ 108 ಲೀಟರ್. ದಿನವಿಡೀ ಹರಿವು ಒಂದೇ ಸಮ ಇರುವುದಿಲ್ಲ, ಬೆಳಗಿನ ಆರರಿಂದ ಒಂಬತ್ತರವರೆಗೆ ಉಕ್ಕುತ್ತದೆ. ಆದ್ದರಿಂದ ಇಪ್ಪತ್ತು ಸಾವಿರ ಜನರವರೆಗಿನ ಪ್ರದೇಶಕ್ಕೆ ಸರಾಸರಿಯ ಮೂರು ಪಟ್ಟು, ಏಳೂವರೆ ಲಕ್ಷ ಮೀರಿದ ಜನಸಂಖ್ಯೆಗೆ ಎರಡು ಪಟ್ಟು ಹರಿವನ್ನು ಕೊಳವೆ ತಾಳಿಕೊಳ್ಳಬೇಕು. ಪ್ರದೇಶ ದೊಡ್ಡದಾದಷ್ಟೂ ಎಲ್ಲರ ಬೆಳಗು ಒಂದೇ ಗಳಿಗೆಗೆ ಆಗುವುದಿಲ್ಲವಾದ್ದರಿಂದ ಈ ಪಟ್ಟು ಇಳಿಯುತ್ತದೆ.

ಇಲ್ಲಿಯವರೆಗಿನ ಲೆಕ್ಕ ಮೇಜಿನ ಮೇಲೆ ಸಲೀಸಾಗಿ ಕೂಡುತ್ತದೆ. ಮುಂಬಯಿಗೆ ಅದನ್ನು ಅನ್ವಯಿಸುವಾಗ ತೊಡಕು. ಕಟ್ಟಡಗಳಿಗೆ 135 ಲೀಟರ್, ಝೋಪಡಪಟ್ಟಿ ಎನ್ನುವ ಕೊಳೆಗೇರಿಗಳಿಗೆ 45 ಲೀಟರ್ ಎಂಬ ಮಾನದಂಡವನ್ನು ಈ ನಗರ ದೀರ್ಘಕಾಲ ಪಾಲಿಸಿಕೊಂಡು ಬಂದಿದೆ, ಮತ್ತು 2011ರ ಜನಗಣತಿಯಂತೆ ನಗರದ ಶೇಕಡಾ 40ಕ್ಕೂ ಹೆಚ್ಚು ಮಂದಿ ಝೋಪಡಪಟ್ಟಿಗಳಲ್ಲಿ ಇದ್ದವರು. ಅವರ ಸಾಮೂಹಿಕ ಶೌಚಾಲಯಗಳಲ್ಲಿ ಬಹಳಷ್ಟು ಸೆಪ್ಟಿಕ್ ಟ್ಯಾಂಕಿಗೆ ಸೇರುತ್ತವೆ, ಒಳಚರಂಡಿಗಲ್ಲ. ಪಾತ್ರೆ ತೊಳೆದ ನೀರು, ಸ್ನಾನದ ನೀರು ತೆರೆದ ಗಟಾರದಲ್ಲಿ ನಾಲಾಕ್ಕೆ ಇಳಿಯುತ್ತದೆ. ಹೀಗಿರುವಾಗ ಜನಸಂಖ್ಯೆಯನ್ನು 108ರಿಂದ ಗುಣಿಸಿ ಬಂದ ಉತ್ತರವನ್ನು ಘಟಕದ ಬಾಗಿಲಿಗೆ ಬರುವ ನೀರೆಂದು ಬರೆಯುವುದು ತಪ್ಪು. ಅದು ನಗರ ಹೊರಗೆ ಚೆಲ್ಲುವ ನೀರು, ನಗರ ಒಟ್ಟುಗೂಡಿಸುವ ನೀರಲ್ಲ. ಯೋಜನಾ ವರದಿಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಕಾಲಂ ಇರಬೇಕು ಎಂಬುದು ನನ್ನ ಬಹುಕಾಲದ ಒತ್ತಾಯ.

ಇನ್ನು ಕೊಳವೆ. ಒಳಚರಂಡಿಯು ಕುಡಿಯುವ ನೀರಿನ ಕೊಳವೆಯಂತೆ ಒತ್ತಡದಲ್ಲಿ ಹರಿಯುವುದಿಲ್ಲ. ಇಳಿಜಾರಿನಲ್ಲಿ, ಮೇಲೆ ಗಾಳಿಗೆ ಜಾಗ ಬಿಟ್ಟುಕೊಂಡು ಹರಿಯುತ್ತದೆ. ವೇಗವು ಸೆಕೆಂಡಿಗೆ 0.6 ಮೀಟರಿಗಿಂತ ಕೆಳಗಿಳಿದರೆ ಮರಳು ಮತ್ತು ಮಲ ತಳದಲ್ಲಿ ಕೂರುತ್ತವೆ. 200 ಮಿಲಿಮೀಟರ್ ವ್ಯಾಸದ ಸಾಮಾನ್ಯ ಕೊಳವೆಯಲ್ಲಿ ಈ ವೇಗ ಬರಬೇಕಾದರೆ ಸುಮಾರು ಮುನ್ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಬೇಕು, ಅಂದರೆ ಒಂದು ಕಿಲೋಮೀಟರಿಗೆ ಮೂರು ಮೀಟರಿಗಿಂತ ಹೆಚ್ಚು. ಸಮುದ್ರ ತುಂಬಿಸಿ ಏಳು ದ್ವೀಪಗಳನ್ನು ಒಂದಾಗಿಸಿದ ಈ ಚಪ್ಪಟೆ ನೆಲದಲ್ಲಿ ಅಷ್ಟು ಇಳಿಜಾರು ಎಲ್ಲಿಂದ ಬರಬೇಕು? ನೆಲದಲ್ಲಿ ಇಲ್ಲದ ಇಳಿಜಾರನ್ನು ಅಗೆದು ಪಡೆಯಬೇಕು. ಒಂದೆರಡು ಕಿಲೋಮೀಟರ್ ಸಾಗುವಷ್ಟರಲ್ಲಿ ಕೊಳವೆ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಗಿರುತ್ತದೆ; ಅಲ್ಲಿ ಪಂಪಿಂಗ್ ಸ್ಟೇಷನ್ ಹಾಕಿ ಮೇಲಕ್ಕೆತ್ತಿ, ಮತ್ತೆ ಇಳಿಸಿ, ಮತ್ತೆ ಎತ್ತಬೇಕು. ಮುಂಬಯಿಯ ಒಳಚರಂಡಿ ವ್ಯವಸ್ಥೆಯ ಬೆನ್ನೆಲುಬು ಪಂಪು, ಅದಕ್ಕೆ ಇದೇ ಕಾರಣ.

ಈ ಊರಿನಲ್ಲಿ ನೀರು ಮೊದಲು ಬಂತು, ಚರಂಡಿ ಹಿಂದೆ ಬಂತು. ವಿಹಾರ ಕೆರೆಯ ನೀರು 1860ರಲ್ಲಿ ಕೊಳವೆಯಲ್ಲಿ ಹರಿದು ಬಂದಾಗ ಬಳಸಿದ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಸರಿಯಾದ ಉತ್ತರ ಇರಲಿಲ್ಲ. ಆ ಶತಮಾನದ ಕೊನೆಯ ದಶಕಗಳಲ್ಲಿ ವರ್ಲಿಯ ಲವ್‌ಗ್ರೋವ್‌ನಲ್ಲಿ ಪಂಪಿಂಗ್ ಸ್ಟೇಷನ್ ಸ್ಥಾಪಿಸಿ ದ್ವೀಪನಗರದ ಕೊಳಚೆಯನ್ನು ಸಮುದ್ರಕ್ಕೆ ತಳ್ಳುವ ಏರ್ಪಾಡಾಯಿತು. ಆ ಕಾಲದ ಇಟ್ಟಿಗೆಯ ಒಳಚರಂಡಿಗಳಲ್ಲಿ ಹಲವು ದಕ್ಷಿಣ ಮುಂಬಯಿಯ ರಸ್ತೆಗಳ ಕೆಳಗೆ ಇಂದಿಗೂ ಕೆಲಸ ಮಾಡುತ್ತಿವೆ. ಅವುಗಳ ಅಡ್ಡಸೀಳು ಮೊನೆ ಕೆಳಗಾಗಿ ನಿಲ್ಲಿಸಿದ ಮೊಟ್ಟೆಯಂತಿದೆ. ರಾತ್ರಿ ಹರಿವು ಕಡಿಮೆಯಾದಾಗ ನೀರು ಕೆಳಗಿನ ಕಿರಿದಾದ ಭಾಗದಲ್ಲಿ ಒತ್ತೊತ್ತಾಗಿ ಹರಿದು ವೇಗ ಉಳಿಸಿಕೊಳ್ಳುತ್ತದೆ, ಬೆಳಗ್ಗೆ ಉಕ್ಕಿದಾಗ ಮೇಲಿನ ಅಗಲ ಭಾಗ ಅದನ್ನು ಹಿಡಿಸಿಕೊಳ್ಳುತ್ತದೆ. ಕಡಿಮೆ ಮತ್ತು ಹೆಚ್ಚು ಹರಿವು ಎರಡಕ್ಕೂ ಒಂದೇ ಕೊಳವೆ ಹೊಂದುವಂತೆ ಮಾಡಿದ ಆ ಆಕಾರವನ್ನು ನಾವು ಅಗ್ಗದ ಗುಂಡು ಕೊಳವೆಗಾಗಿ ಬಿಟ್ಟುಕೊಟ್ಟೆವು. ನಮ್ಮ ಹಿರಿಯರು ದಡ್ಡರಾಗಿರಲಿಲ್ಲ ಎಂಬುದಕ್ಕೆ ಭೂಗತ ಸಾಕ್ಷಿ ಬೇಕಾದವರಿಗೆ ಇದು ಸಾಕು.

ಈಗ ಮೌಲ್ಯಮಾಪನಕ್ಕೆ ಬರೋಣ. ಮನುಷ್ಯನೊಬ್ಬ ದಿನಕ್ಕೆ ಎಷ್ಟು ನೀರು ಸುರಿದರೂ ಅವನಿಂದ ಹೊರಬೀಳುವ ಸಾವಯವ ಕಲ್ಮಶದ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಅದನ್ನು ಬಿಒಡಿ ಎಂದು ಅಳೆಯುತ್ತೇವೆ: ಆ ಕಲ್ಮಶವನ್ನು ಜೀವಾಣುಗಳು ತಿಂದು ಮುಗಿಸುವಾಗ ಬಳಸುವ ಆಮ್ಲಜನಕದ ತೂಕ. ಕೈಪಿಡಿ ಇದನ್ನು ತಲೆಗೆ ದಿನಕ್ಕೆ 27 ಗ್ರಾಂ ಎಂದು ಹಿಡಿಯುತ್ತದೆ. 27 ಗ್ರಾಂ ಕಲ್ಮಶ 108 ಲೀಟರಿನಲ್ಲಿ ಬೆರೆತರೆ ಲೀಟರಿಗೆ 250 ಮಿಲಿಗ್ರಾಂ. ಇಷ್ಟು ತಿಳಿದಿದ್ದರೆ ಯಾವುದೇ ಘಟಕದ ಒಳಹರಿವಿನ ಎರಡು ಅಂಕಿಗಳಿಂದ ನಗರದ ಸ್ಥಿತಿಯನ್ನು ಓದಬಹುದು.

ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ದಿನಕ್ಕೆ 100 ದಶಲಕ್ಷ ಲೀಟರಿನ ಘಟಕವೊಂದು ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿದೆ ಎಂದು ವರದಿ ಹೇಳುತ್ತದೆ. ಅಷ್ಟು ನೀರೆಂದರೆ ತಲೆಗೆ 108 ಲೀಟರಿನಂತೆ ಸುಮಾರು ಒಂಬತ್ತೂಕಾಲು ಲಕ್ಷ ಜನರ ಕೊಳಚೆ. ಆದರೆ ಒಳಬರುವ ನೀರಿನ ಬಿಒಡಿ 250 ಇರಬೇಕಾದಲ್ಲಿ 120 ಮಾತ್ರ ಇದೆ. ಗುಣಿಸಿ ನೋಡಿದರೆ ದಿನಕ್ಕೆ ಬರುತ್ತಿರುವ ಕಲ್ಮಶ 12 ಟನ್. 27 ಗ್ರಾಮಿನಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ ಲಕ್ಷ ಜನ. ಉಳಿದ ಸುಮಾರು ಐದು ಲಕ್ಷ ಜನರ ಮಲ ಎಲ್ಲಿ? ಅದು ಸೆಪ್ಟಿಕ್ ಟ್ಯಾಂಕಿನಲ್ಲೋ ನಾಲಾದಲ್ಲೋ ಉಳಿದಿದೆ. ಅವರ ಪಾಲಿನ ಜಾಗವನ್ನು ಅಂತರ್ಜಲವೋ ಸೋರಿದ ನಲ್ಲಿ ನೀರೋ ಸಮುದ್ರದ ನೀರೋ ತುಂಬಿಕೊಂಡಿದೆ. ಘಟಕ ಮಾತ್ರ ತುಂಬಿ ತುಳುಕುತ್ತಿದೆ, ಹೊರಬರುವ ನೀರಿನ ಗುಣವೂ ಮಾನದಂಡಕ್ಕೆ ಸರಿಹೋಗುತ್ತದೆ, ಏಕೆಂದರೆ ತೆಳ್ಳನೆಯ ಕೊಳಚೆಯನ್ನು ಶುದ್ಧೀಕರಿಸುವುದು ಸುಲಭ. ಕಡತದಲ್ಲಿ ಇದು ಯಶಸ್ವಿ ಘಟಕ.

ಮುಂಬಯಿಯಂಥ ಕರಾವಳಿ ನಗರದಲ್ಲಿ ಈ ತನಿಖೆಗೆ ಇನ್ನೊಂದು ಸರಳ ಸಾಧನವಿದೆ: ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಮನೆಯ ಕೊಳಚೆಯಲ್ಲಿ ನೂರರ ಆಸುಪಾಸು ಇದೆ ಎಂದಿಟ್ಟುಕೊಳ್ಳಿ. ಪಂಪಿಂಗ್ ಸ್ಟೇಷನ್ನಿನ ಬಾವಿಯಲ್ಲಿ ತೆಗೆದ ಮಾದರಿಯಲ್ಲಿ 2000 ಕಂಡುಬಂದರೆ, ಆ ನೀರಿನಲ್ಲಿ ಹತ್ತನೆಯ ಒಂದು ಭಾಗ ಸಮುದ್ರದ್ದು. ಉಬ್ಬರದ ಹೊತ್ತಿಗೆ ಒಮ್ಮೆ, ಇಳಿತದ ಹೊತ್ತಿಗೆ ಒಮ್ಮೆ ಮಾದರಿ ತೆಗೆದು ಹೋಲಿಸಿದರೆ, ಸಮುದ್ರವು ಒಡೆದ ಕೀಲುಗಳ ಮೂಲಕ ನೇರವಾಗಿ ನುಗ್ಗುತ್ತಿದೆಯೇ, ಅಥವಾ ಉಪ್ಪಾದ ಅಂತರ್ಜಲ ನಿಧಾನವಾಗಿ ಜಿನುಗುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ಜಿನುಗುವಿಕೆಯನ್ನು ಪತ್ತೆ ಹಚ್ಚಲು ಒಣ ಹವೆಯ ರಾತ್ರಿ ಎರಡರಿಂದ ನಾಲ್ಕರ ನಡುವೆ ಮ್ಯಾನ್‌ಹೋಲಿನಲ್ಲಿ ಹರಿವನ್ನು ಅಳೆಯುವುದೂ ರೂಢಿ. ಆ ಹೊತ್ತಿನಲ್ಲಿ ಊರು ಮಲಗಿರುತ್ತದೆ, ಆದರೂ ಕೊಳವೆಯಲ್ಲಿ ತಿಳಿಯಾದ ನೀರು ಸಡಗರದಿಂದ ಹರಿಯುತ್ತಿದ್ದರೆ ಅದು ಮನೆಗಳಿಂದ ಬಂದದ್ದಲ್ಲ. ಕ್ಲೋರೈಡ್ ಪರೀಕ್ಷೆಗೆ ಆಗುವ ಖರ್ಚು ಅತ್ಯಲ್ಪ, ಆದರೂ ನಾನು ನೋಡಿದ ಎಷ್ಟೋ ಯೋಜನಾ ವರದಿಗಳಲ್ಲಿ ಈ ಒಂದು ಸಾಲು ಇರುವುದಿಲ್ಲ.

ಸಮುದ್ರದ ನೀರು ಒಳಬಂದರೆ ಆಗುವ ಹಾನಿ ಪಂಪಿನ ವಿದ್ಯುತ್ ಬಿಲ್ಲಿಗೆ ನಿಲ್ಲುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2700 ಮಿಲಿಗ್ರಾಂ ಸಲ್ಫೇಟ್ ಇದೆ. ಕೊಳವೆಯ ತಳದ ಲೋಳೆಯಲ್ಲಿ ಗಾಳಿಯಿಲ್ಲದೆ ಬದುಕುವ ಜೀವಾಣುಗಳು ಈ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಆ ಅನಿಲ ಮೇಲೆದ್ದು ಕೊಳವೆಯ ಒದ್ದೆ ನೆತ್ತಿಯನ್ನು ಮುಟ್ಟಿದಾಗ ಅಲ್ಲಿರುವ ಬೇರೊಂದು ಬಗೆಯ ಜೀವಾಣುಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ, ಆಮ್ಲವು ಕಾಂಕ್ರೀಟನ್ನು ತಿನ್ನುತ್ತದೆ. ಹೀಗಾಗಿ ಕಾಂಕ್ರೀಟ್ ಒಳಚರಂಡಿ ತಳದಿಂದ ಸವೆಯುವುದಕ್ಕಿಂತ ಹೆಚ್ಚಾಗಿ ನೆತ್ತಿಯಿಂದ ಕರಗುತ್ತದೆ, ಮತ್ತು ಒಂದು ದಿನ ರಸ್ತೆಯೇ ಕುಸಿಯುತ್ತದೆ. ಮುಂಬಯಿಯಲ್ಲಿ ಹಳೆಯ ಕೊಳವೆಗಳ ಒಳಗೆ ಜಿಆರ್‌ಪಿ ಎಂಬ, ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಲೈನಿಂಗ್ ಹಾಕಿ ಬಲಪಡಿಸುವ ಕೆಲಸ ನಡೆದುಕೊಂಡು ಬಂದಿದೆ. ರಸ್ತೆ ಅಗೆಯದೆ ಮಾಡಬಹುದಾದ ಕೆಲಸ ಅದು, ಹೊಸ ಘಟಕದಷ್ಟು ಕಣ್ಣಿಗೆ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದು ರೂಪಾಯಿಗೆ ದೊರೆಯುವ ಫಲ ಅಲ್ಲಿ ಹೆಚ್ಚು.

ಇದೇ ಹೈಡ್ರೋಜನ್ ಸಲ್ಫೈಡ್ ಮನುಷ್ಯರನ್ನು ಕೊಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯೇ ಹೋಗಿ ವಾಸನೆ ತಿಳಿಯುವುದಿಲ್ಲ. ಒಳಗಿಳಿದವನು ಅಪಾಯ ಕಳೆದಿದೆ ಎಂದುಕೊಳ್ಳುವ ಗಳಿಗೆಯೇ ಅವನ ಕೊನೆಯ ಗಳಿಗೆಯಾಗಬಹುದು. ಅವನನ್ನು ಎತ್ತಲು ಹೋದವನೂ ಉಳಿಯುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಇಂತಹ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಪದ್ಧತಿಯ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿದ್ದು 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ ಬೆಳೆದವರು. ಎಂಜಿನಿಯರಾಗಿ ನಾನು ಇಷ್ಟನ್ನು ಸೇರಿಸುತ್ತೇನೆ: ಕೊಳವೆಗೆ ಮನುಷ್ಯ ಇಳಿಯಬೇಕಾಗಿ ಬರುವುದಕ್ಕೆ ಬಹುಮಟ್ಟಿಗೆ ನಕ್ಷೆಯೇ ಕಾರಣ. ಯಂತ್ರದ ಲಾರಿ ನುಗ್ಗಲಾರದ ಓಣಿಯಲ್ಲಿ ಚೇಂಬರು, ಇಳಿಜಾರೇ ಇಲ್ಲದ ಕೊಳವೆ, ನೇರ ಜೋಡಣೆ ಇಲ್ಲದ ತಿರುವು, ಇವೆಲ್ಲ ಹೂಳನ್ನು ಕರೆದು ಕೂರಿಸುತ್ತವೆ. ನಕ್ಷೆಯ ಮೌಲ್ಯಮಾಪನದಲ್ಲಿ ಪ್ರತಿಯೊಂದು ಮ್ಯಾನ್‌ಹೋಲಿನ ಮುಂದೆ, ಇದನ್ನು ಮನುಷ್ಯ ಇಳಿಯದೆ ಶುಚಿಗೊಳಿಸಬಹುದೇ ಎಂಬ ಪ್ರಶ್ನೆ ಇರಬೇಕು. ಇಲ್ಲ ಎಂಬ ಉತ್ತರ ಬಂದಲ್ಲಿ ಆ ನಕ್ಷೆಗೆ ಮಂಜೂರಾತಿ ಸಿಗಬಾರದು.

ಮಳೆಯ ಮಾತಿಲ್ಲದೆ ಮುಂಬಯಿಯ ಮಾತು ಮುಗಿಯದು. ಈ ನಗರದಲ್ಲಿ ಕೊಳಚೆಗೆ ಒಂದು ಜಾಲ, ಮಳೆನೀರಿಗೆ ಬೇರೆ ಜಾಲ. ಕಾಗದದ ಮೇಲೆ ಎರಡೂ ಸೇರುವುದಿಲ್ಲ. ಬ್ರಿಮ್‌ಸ್ಟೋವಾಡ್ ಎಂಬ 1993ರ ವರದಿ ಮಳೆನೀರಿನ ಜಾಲವನ್ನು ಗಂಟೆಗೆ 25 ಮಿಲಿಮೀಟರಿನಿಂದ 50 ಮಿಲಿಮೀಟರ್ ಮಳೆ ತಾಳುವಂತೆ ಹಿಗ್ಗಿಸಲು ಹೇಳಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮೇಲೆ ಆ ವರದಿಯ ಧೂಳು ಕೊಡವಲಾಯಿತು. ಅದು ಎಲ್ಲರಿಗೂ ಗೊತ್ತಿರುವ ಕಥೆ. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ನಿಮ್ಮ ನಿಮ್ಮ ಬಿಲ್ಡಿಂಗಿನ ಹಿತ್ತಲಿನಲ್ಲಿದೆ. ತಾರಸಿಯಿಂದ ಇಳಿಯುವ ಮಳೆ ಪೈಪನ್ನು ಪ್ಲಂಬರ್ ಹತ್ತಿರದ ಒಳಚರಂಡಿ ಚೇಂಬರಿಗೆ ತಿರುಗಿಸಿರುತ್ತಾನೆ, ಏಕೆಂದರೆ ಮಳೆನೀರಿನ ಗಟಾರ ರಸ್ತೆಯ ಆಚೆ ಬದಿಗಿದೆ. 500 ಚದರ ಮೀಟರ್ ತಾರಸಿಯ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ 25,000 ಲೀಟರ್ ನೀರು. ಆ ಬಿಲ್ಡಿಂಗಿನಲ್ಲಿ ಇನ್ನೂರು ಜನ ಇದ್ದಾರೆಂದರೆ ಅವರೆಲ್ಲರ ಇಡೀ ದಿನದ ಕೊಳಚೆ 21,600 ಲೀಟರ್. ದಿನವೊಂದರ ಕೊಳಚೆಗಿಂತ ಹೆಚ್ಚು ನೀರನ್ನು ತಾರಸಿಯೊಂದೇ ಒಂದು ಗಂಟೆಯಲ್ಲಿ ಆ ಸಣ್ಣ ಕೊಳವೆಗೆ ತುರುಕುತ್ತದೆ. ಬೆಳಗಿನ ಉಕ್ಕಿಗೆಂದು ಮೂರು ಪಟ್ಟು ಜಾಗ ಬಿಟ್ಟಿದ್ದರೂ ಇದು ಅದರ ಒಂಬತ್ತು ಪಟ್ಟು. ಆಗ ನೆಲ ಅಂತಸ್ತಿನ ಮನೆಯ ಸಂಡಾಸಿನಿಂದ ನೀರು ಮೇಲೆ ಬರುವುದರಲ್ಲಿ ಆಶ್ಚರ್ಯವೇನು? ದೂರು ಮಾತ್ರ ಪಾಲಿಕೆಯ ಮೇಲೆ.

ವಸತಿ ಸೊಸೈಟಿಯವರು ಇದನ್ನು ತಾವೇ ಪರೀಕ್ಷಿಸಬಹುದು. ಕಾಂಪೌಂಡಿನ ಕೊನೆಯ ಚೇಂಬರಿನ ಮುಚ್ಚಳವನ್ನು ಒಣ ದಿನ ತೆರೆಸಿ, ಒಳಗಿಳಿಯದೆ, ಬಾಗದೆ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ಟಾರ್ಚ್ ಹಾಕಿ ಗೋಡೆಯನ್ನು ನೋಡಿ. ಹರಿವಿನ ಮಟ್ಟಕ್ಕಿಂತ ಬಹಳ ಮೇಲೆ, ಗೋಡೆಯ ಸುತ್ತ ಜಿಡ್ಡಿನ ಬೂದುಬಣ್ಣದ ಗೆರೆಯೊಂದು ಒಣಗಿ ನಿಂತಿದ್ದರೆ ಕೊಳಚೆ ಅಲ್ಲಿಯವರೆಗೆ ಏರಿ ನಿಂತಿತ್ತೆಂದು ಅರ್ಥ. ಗೆರೆಯ ಜೊತೆ ಪ್ಲಾಸ್ಟಿಕ್ ಚೂರು, ಕೂದಲು ಅಂಟಿಕೊಂಡಿದ್ದರೆ ಅಡಚಣೆ ಮುಂದಿನ ಕೊಳವೆಯಲ್ಲಿದೆ. ಗೆರೆಗಳು ಮಳೆಗಾಲದ ನಂತರವಷ್ಟೇ ಹೊಸದಾಗಿ ಮೂಡಿದ್ದರೆ ಮಳೆ ಪೈಪನ್ನು ಹುಡುಕಿ.

ಜಿಡ್ಡಿನ ಮಾತು ಬಂದಾಗ ಈ ಸಭೆಯಲ್ಲಿ ಹೊಟೇಲು ಉದ್ಯಮದ ಬಂಧುಗಳು ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಮುಂಬಯಿಗೆ ದೋಸೆ, ವಡೆ ತಿನ್ನಿಸಿದ್ದು ನಮ್ಮ ದಕ್ಷಿಣ ಕನ್ನಡದವರು. ಆ ಎಣ್ಣೆಯ ಒಂದು ಪಾಲು ಈ ನಗರದ ಕೊಳವೆಗಳಲ್ಲಿದೆ. ಬಿಸಿನೀರಿನಲ್ಲಿ, ಸಾಬೂನಿನ ಜೊತೆ ಎಣ್ಣೆ ಕರಗಿದಂತೆ ಕಂಡು ಸುಲಭವಾಗಿ ಹರಿದುಹೋಗುತ್ತದೆ. ಮುಂದೆ ತಣ್ಣಗಿನ ಕೊಳವೆಯಲ್ಲಿ ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿ ಸಾಬೂನಿನಂತಹ ಪದರವಾಗಿ ಕೊಳವೆಯ ಒಳಮೈಗೆ ಹತ್ತುತ್ತದೆ. ಗ್ರೀಸ್ ಟ್ರ್ಯಾಪ್ ಮಾಡುವ ಕೆಲಸ ಇಷ್ಟೇ, ನೀರನ್ನು ತಡೆದು ನಿಲ್ಲಿಸಿ ತಣಿಸುವುದು, ಎಣ್ಣೆ ಮೇಲೆ ತೇಲಲು ಸಮಯ ಕೊಡುವುದು. ಪಾತ್ರೆ ತೊಳೆಯುವ ಸಿಂಕಿನ ಅಡಿಗೇ ಒಂದು ಸಣ್ಣ ಡಬ್ಬಿ ಇಟ್ಟು ಅದರೊಳಕ್ಕೆ ಕುದಿನೀರು ಬಿಟ್ಟರೆ ಎಣ್ಣೆ ತೇಲುವ ಮೊದಲೇ ದಾಟಿಹೋಗುತ್ತದೆ. ಮತ್ತು ತೇಲಿದ ಪದರವನ್ನು ನಿಯಮಿತವಾಗಿ ತೆಗೆಯದಿದ್ದರೆ ಟ್ರ್ಯಾಪ್ ಇದ್ದೂ ಇಲ್ಲದಂತೆ. ಕರಿದು ಕಪ್ಪಾದ ಎಣ್ಣೆಗೆ ಬೇರೆ ದಾರಿಯಿದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25 ಮೀರಿದರೆ ಅದನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ನಿಯಮ ಮಾಡಿದೆ, ಅಂಥ ಎಣ್ಣೆಯನ್ನು ಕೊಂಡು ಜೈವಿಕ ಡೀಸೆಲ್ ಮಾಡುವವರಿದ್ದಾರೆ. ಸಿಂಕಿಗೆ ಸುರಿಯುವ ಅಗತ್ಯವೇ ಇಲ್ಲ.

ಕೊಳವೆ ದಾಟಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಮುಂಬಯಿಯನ್ನು ಒಳಚರಂಡಿಯ ದೃಷ್ಟಿಯಿಂದ ಕೊಲಾಬಾ, ವರ್ಲಿ, ಬಾಂದ್ರಾ, ವರ್ಸೋವಾ, ಮಾಲಾಡ್, ಭಾಂಡುಪ್, ಘಾಟ್ಕೋಪರ್ ಎಂಬ ಏಳು ವಲಯಗಳಾಗಿ ಹಂಚಲಾಗಿದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ವರ್ಲಿ ಮತ್ತು ಬಾಂದ್ರಾಗಳಿಂದ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಸುರಂಗಗಳನ್ನು ಸಮುದ್ರದ ತಳದ ಕೆಳಗೆ ಕೊರೆದು, ಕಸ ಮತ್ತು ಮರಳು ತೆಗೆದ ಕೊಳಚೆಯನ್ನು ಆಳ ನೀರಿಗೆ ಬಿಡುವ ವ್ಯವಸ್ಥೆಯಾಯಿತು. ಕೊಳಚೆ ಸಮುದ್ರದ ನೀರಿಗಿಂತ ಹಗುರವಾದ್ದರಿಂದ ಮೇಲೇಳುತ್ತಾ ಬೆರೆಯುತ್ತದೆ, ಬಿಸಿಲು ಮತ್ತು ಉಪ್ಪು ರೋಗಾಣುಗಳನ್ನು ಕೊಲ್ಲುತ್ತವೆ. ಆ ತರ್ಕದಲ್ಲಿ ಹುರುಳಿದೆ, ಆದರೆ ಸಾರಜನಕ ಮತ್ತು ರಂಜಕ ಅಲ್ಲಿಯೇ ಉಳಿಯುತ್ತವೆ. ಮಾಲಾಡ್ ಖಾಡಿಯಂತಹ, ಸಮುದ್ರ ನೆಲದೊಳಕ್ಕೆ ಚಾಚಿದ ಕಿರಿದಾದ ನೀರಿಗೆ ಆ ತರ್ಕವೂ ಅನ್ವಯಿಸುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಮಹಾನಗರಗಳ ಘಟಕಗಳಿಂದ ಹೊರಬರುವ ನೀರಿನ ಬಿಒಡಿಗೆ ಲೀಟರಿಗೆ 20 ಮಿಲಿಗ್ರಾಂ ಮಿತಿ ಹಾಕಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿಗೊಳಿಸಿತು. ಹೊಸ ಘಟಕಗಳ ವೆಚ್ಚ ಏರಿದ್ದಕ್ಕೆ ಇದೂ ಒಂದು ಕಾರಣ.

ಮಿತಿ ಎಷ್ಟೇ ಇರಲಿ, ಅಂಕಿಯನ್ನು ಓದುವಾಗ ಮಾದರಿ ತೆಗೆದ ಹೊತ್ತನ್ನು ಕೇಳಬೇಕು. ಖಾಡಿಯ ನೀರನ್ನು ತುಂಬು ಉಬ್ಬರದಲ್ಲಿ ತೆಗೆದರೆ ಹೆಚ್ಚಾಗಿ ಸಮುದ್ರವನ್ನೇ ಪರೀಕ್ಷಿಸಿದಂತೆ. ಇಳಿತದ ಕೊನೆಯಲ್ಲಿ ತೆಗೆದರೆ ನಿಜಸ್ಥಿತಿ ಕಾಣುತ್ತದೆ. ಘಟಕದಲ್ಲಿಯೂ ಹೀಗೆಯೇ: ಬೆಳಗ್ಗೆ ಹನ್ನೊಂದಕ್ಕೆ ಮುಳುಗಿಸಿ ತೆಗೆದ ಒಂದು ಬಾಟಲಿಗೂ, ದಿನದ ಇಪ್ಪತ್ತನಾಲ್ಕು ಗಂಟೆಯೂ ಹರಿವಿಗೆ ತಕ್ಕಷ್ಟು ತೆಗೆದು ಬೆರೆಸಿದ ಮಾದರಿಗೂ ಹೋಲಿಕೆ ಇರುವುದಿಲ್ಲ. ನಮ್ಮಲ್ಲಿ ಬಿಒಡಿ ಪರೀಕ್ಷೆಯನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಮಾಡುತ್ತಾರೆ, ಆದ್ದರಿಂದ ಫಲಿತಾಂಶ ಬರುವಷ್ಟರಲ್ಲಿ ಆ ನೀರು ಸಮುದ್ರ ಸೇರಿಯಾಗಿರುತ್ತದೆ.

ಉಪನ್ಯಾಸದ ಕೊನೆಗೆ ಮುಲುಂಡ್ ಕಡೆಯ ಸೊಸೈಟಿಯೊಂದರ ಕಾರ್ಯದರ್ಶಿಗಳು ಕೇಳಿದ ಪ್ರಶ್ನೆಗೆ ಸಮಯದ ಅಭಾವದಿಂದ ಅರ್ಧ ಉತ್ತರವಷ್ಟೇ ಕೊಟ್ಟಿದ್ದೆ. ಅವರ ಸೊಸೈಟಿಯಲ್ಲಿ ಬಿಲ್ಡರ್ ಕಟ್ಟಿಕೊಟ್ಟ ಸಣ್ಣ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಇದೆ, ಪ್ರತಿ ತಿಂಗಳೂ ಪ್ರಯೋಗಾಲಯದ ವರದಿ ಚೆನ್ನಾಗಿಯೇ ಬರುತ್ತದೆ, ಆದರೆ ಶೌಚಕ್ಕೆ ಮರುಬಳಸುವ ನೀರು ವಾಸನೆ ಹೊಡೆಯುತ್ತದೆ, ಯಾವುದನ್ನು ನಂಬಬೇಕು? ಮೂಗನ್ನು ನಂಬಬೇಕು ಎಂದು ಅಂದು ಹೇಳಿದ್ದೆ. ಉಳಿದರ್ಧ ಹೀಗಿದೆ. ಇಂಥ ಘಟಕದಲ್ಲಿ ಜೀವಾಣುಗಳಿಗೆ ಗಾಳಿ ಊದುವ ಬ್ಲೋವರ್ ವಿದ್ಯುತ್ತಿನ ದೊಡ್ಡ ಪಾಲನ್ನು ನುಂಗುತ್ತದೆ, ಆದ್ದರಿಂದ ಖರ್ಚು ಉಳಿಸಲು ರಾತ್ರಿ ಮೊದಲು ನಿಲ್ಲುವುದೂ ಅದೇ. ಗಾಳಿ ನಿಂತ ಕೆಲವು ಗಂಟೆಗಳಲ್ಲಿ ಕೊಳೆಯುವ ವಾಸನೆ ಶುರುವಾಗುತ್ತದೆ. ಬ್ಲೋವರಿಗೆ ಬೇರೆಯೇ ವಿದ್ಯುತ್ ಮೀಟರ್ ಹಾಕಿಸಿ. ಬ್ಲೋವರಿನ ಮೇಲೆ ಬರೆದ ಕಿಲೋವ್ಯಾಟನ್ನು ದಿನಕ್ಕೆ ಓಡಬೇಕಾದ ಗಂಟೆಗಳಿಂದ ಗುಣಿಸಿ ಬಂದ ಯೂನಿಟ್ಟುಗಳನ್ನು ಮೀಟರಿನ ಅಂಕಿಯೊಡನೆ ವಾರಕ್ಕೊಮ್ಮೆ ಹೋಲಿಸಿ ನೋಡಿ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಗುತ್ತಿಗೆದಾರನ ಮುಂದಿನ ಬಿಲ್ಲಿಗೆ ಸಹಿ ಹಾಕುವ ಮೊದಲು ಬ್ಲೋವರಿನ ದಿನಚರಿ ಪುಸ್ತಕ ತರಿಸಿ.